ಡಾ. ರಾಜಲಕ್ಷ್ಮಮ್ಮನವರು ಅಳಿಸಿಕೊಂಡ ಕುಂಕುಮ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಯಾರಾದರೂ ಬಸ್ಸಿನಲ್ಲಿ ಕುಳಿತು ಕುತ್ತಿಗೆ ಕೆರೆದುಕೊಂಡರೆ ಪಕ್ಕದವರು ಮೊದಲು ಕೇಳುವುದು, "ರಾಜಲಕ್ಷ್ಮಮ್ಮನ ತಾವ ತೋರಿಸಿದ್ರಾ?" ಎಂದೇ. ಚರ್ಮವೈದ್ಯದ ದೊಡ್ಡ ಸಮ್ಮೇಳನಗಳಲ್ಲಿ ಪ್ರಬಂಧ ಓದಿ ಶಾಲು ಹೊದ್ದವರು ನಾಡಿನಲ್ಲಿ ಬಹಳ ಮಂದಿ ಇರಬಹುದು. ಆದರೆ ತಲೆಗೂದಲಿನ ಕಪ್ಪು, ಸೀರೆಯ ನೀಲಿ, ಕುಂಕುಮದ ಕೆಂಪು ಇಂಥ ಬಣ್ಣಗಳು ಕೆಲವರ ಮೈಗೆ ಒಗ್ಗದೆ ಮಾಡುವ ಅನಾಹುತವನ್ನು ಕಂಡುಹಿಡಿದು, ರೋಗಿಯನ್ನೂ ರೋಗಿಯ ಮನೆಯವರನ್ನೂ ಒಟ್ಟಿಗೇ ದಾರಿಗೆ ತಂದವರೆಂದರೆ ಈ ಸೀಮೆಯಲ್ಲಿ ಡಾ. ರಾಜಲಕ್ಷ್ಮಮ್ಮನವರೇ. ಅರವತ್ತು ತುಂಬಿ ಸೇವೆಯಿಂದ ನಿವೃತ್ತರಾಗುತ್ತಿರುವ ಅವರನ್ನು ಈ ಅಭಿನಂದನ ಸಂಪುಟದಲ್ಲಿ ಹೊಗಳಲು ಹೊರಟರೆ, ಕನ್ನಡಕದ ಮೇಲಿಂದ ಒಮ್ಮೆ ನೋಡಿ "ವಿಷಯಕ್ಕೆ ಬನ್ನಿ" ಎನ್ನುವುದು ಖಂಡಿತ. ಆದುದರಿಂದ ವಿಷಯಕ್ಕೇ ಬರೋಣ.

ಕಳ್ಳಂಬೆಳ್ಳದ ರೈತರಾದ ಮೂಡಲಗಿರಿಯಪ್ಪನವರ ಹಿರಿಯ ಮಗಳಾಗಿ ಹುಟ್ಟಿದ ರಾಜಲಕ್ಷ್ಮಮ್ಮನವರು ಓದು ಮುಗಿಸಿ ಮೊದಲು ಕೆಲಸಕ್ಕೆ ಸೇರಿದ್ದು ಪಾವಗಡದಲ್ಲಿ. ಅಲ್ಲಿಗೆ ಬಂದ ಹೊಸದರಲ್ಲೇ ಕದರಪ್ಪನೆಂಬ ದಿನಸಿ ಅಂಗಡಿಯವರೊಬ್ಬರು ಕುಂಬಳಕಾಯಿಯಂತೆ ಊದಿದ ಮುಖವನ್ನು ಪಂಚೆಯಲ್ಲಿ ಮರೆಮಾಡಿಕೊಂಡು ಬಂದರು. ಮನೆಯವರು ಬೇವಿನಸೊಪ್ಪು ಹಾಸಿ ಮಲಗಿಸಿದ್ದರಂತೆ. "ಅಮ್ಮವಾರು ಪೋಸಿಂದಿ ಮೇಡಂ, ಸೂಜಿ ಚುಚ್ಚಬೇಡಿ" ಎಂದು, ಮೈಗೆ ಅಮ್ಮ ಎದ್ದಿದೆಯೆಂದೇ ಅವರದು ಒಂದೇ ಹಟ. ತಲೆಗೆ ಏನು ಹಚ್ಚಿದಿರಿ ಎಂದು ಕೇಳಿದರೆ "ಏಮೀ ಲೇದು", ಏನೂ ಇಲ್ಲ, ಎನ್ನುತ್ತಾರೆ. ಕಿವಿಯ ಹಿಂದೆ ಮಾತ್ರ ಕರೀ ಗೆರೆ ಇಳಿದಿದೆ. ಮಗಳ ನಿಶ್ಚಿತಾರ್ಥಕ್ಕೆಂದು ಕೂದಲಿಗೆ ಕಪ್ಪು ಬಳಿದುಕೊಂಡ ಸಂಗತಿಯನ್ನು ಅವರ ಬಾಯಿಂದ ಹೊರಡಿಸುವಷ್ಟರಲ್ಲಿ ವೈದ್ಯೆಗೆ ಸಾಕುಬೇಕಾಗಿಹೋಯಿತು. ಉಸಿರು ಕಟ್ಟುವುದೊಂದು ಬಾಕಿಯಿದ್ದಾಗ ಇಂಜೆಕ್ಷನ್ ಬಿತ್ತು, ಆಸಾಮಿ ಉಳಿದರು.

ಅಂದಿನಿಂದ ರಾಜಲಕ್ಷ್ಮಮ್ಮನವರ ಕೆಲಸದ ರೀತಿಯೇ ಬದಲಾಯಿತು. ಔಷಧಿ ಬರೆಯುವ ಮೊದಲು ಮೈಗೆ ಏನೇನು ಹಚ್ಚುತ್ತೀರಿ, ಅದರಲ್ಲಿ ಹೊಸದಾಗಿ ತಂದದ್ದು ಯಾವುದು, ಕಡಿತ ಮೊದಲು ಎಲ್ಲಿ ಶುರುವಾಯಿತು ಎಂದು ಕೇಳುವರು. ಕೂದಲಿಗೆ ಬಣ್ಣ ಹಚ್ಚುವವರು ಮೊದಲು ಮೊಣಕೈ ಒಳಮಡಿಕೆಗೆ ಒಂದು ಚುಕ್ಕೆ ಇಟ್ಟು ಎರಡು ದಿನ ಕಾಯಬೇಕು, ಒಮ್ಮೆ ಊದಿಕೊಂಡವರು ಜನ್ಮದಲ್ಲಿ ಮತ್ತೆ ಅದನ್ನು ಮುಟ್ಟಕೂಡದು, ಮದುವೆಮನೆಯ ಕರೀ ಮೆಹಂದಿಯೂ ಅದೇ ಜಾತಿಯದು ಎಂದು ಶಿರಾದಲ್ಲಿ, ಕೊರಟಗೆರೆಯಲ್ಲಿ, ಕಡೆಗೆ ಮಧುಗಿರಿಯಲ್ಲಿ ಹೇಳಿ ಹೇಳಿ ಅವರ ಗಂಟಲು ಒಣಗಿದೆ. ಹೇಳಿದ್ದನ್ನು ಕೇಳದವರಿಗೆ ಬೈಗುಳವೂ ಧಾರಾಳವಾಗಿಯೇ ಸಿಕ್ಕಿದೆ.

ಆದರೆ ಅವರ ವೃತ್ತಿಜೀವನದ ಅತಿ ಕಷ್ಟದ ದಿನಗಳು ಬಂದದ್ದು ಮಧುಗಿರಿಯಲ್ಲಿ. ಮಿಡಿಗೇಶಿ ಕಡೆಯಿಂದ ಕರಿಬಸಮ್ಮನೆಂಬ ಹಿರಿಯರು ಸೊಸೆ ಮಂಜುಶ್ರೀಯನ್ನು ಕೈಹಿಡಿದು ನಡೆಸಿಕೊಂಡು ಬಂದರು. ನಡೆಸಿಕೊಂಡೇ ಬರಬೇಕಾಗಿತ್ತು, ಏಕೆಂದರೆ ಆ ಹುಡುಗಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಹಣೆಯ ನಡುವೆ ರೂಪಾಯಿ ಅಗಲದ ಕುಂಕುಮ. ಅದರ ಸುತ್ತ ನೀರೊಡೆದ ಗುಳ್ಳೆಗಳು. ರೆಪ್ಪೆಗಳೆರಡೂ ಊದಿ ಮುಚ್ಚಿಕೊಂಡಿದ್ದವು. ಕರಿಬಸಮ್ಮನವರ ಒಬ್ಬನೇ ಮಗ ರೇಣುಕಪ್ರಸಾದ್ ಟೆಂಪೊ ಮಗುಚಿ ತಲೆಗೆ ಪೆಟ್ಟಾಗಿ ತುಮಕೂರಿನ ಆಸ್ಪತ್ರೆಯೊಂದರಲ್ಲಿ ಎಚ್ಚರವಿಲ್ಲದೆ ಮಲಗಿದ್ದನು. ಮಗ ಎದ್ದು ಬರುವವರೆಗೆ ಸೊಸೆಯ ಹಣೆಯಲ್ಲಿ ದೇವರ ಮುಂದಿಟ್ಟ ಹೊಸ ಕುಂಕುಮ ಆರದಂತೆ ನೋಡಿಕೊಳ್ಳುತ್ತೇನೆಂದು ತಾಯಿ ಹರಕೆ ಹೊತ್ತಿದ್ದರು. ಗುಳ್ಳೆ ಕಾಣಿಸಿದಾಗ ಅಮ್ಮ ಮುನಿದಳೆಂದುಕೊಂಡು ಇನ್ನಷ್ಟು ಹಚ್ಚಿದರು. ಉರಿ ಹೆಚ್ಚಿದಾಗ ಮತ್ತಷ್ಟು ಹಚ್ಚಿದರು.

ವೈದ್ಯೆಗೆ ನೋಡಿದ ಕೂಡಲೇ ಅನುಮಾನ ಬಂದಿತು. ಅಂಗಡಿಯ ಕುಂಕುಮದಲ್ಲಿ ಬೆರೆಸುವ ಕೆಂಪು ಬಣ್ಣ ಈ ಹುಡುಗಿಗೆ ಒಗ್ಗುತ್ತಿಲ್ಲ. ಗುಳ್ಳೆಗೆ ಕೀವು ತುಂಬಿ ಕಣ್ಣಿಗಿಳಿದರೆ ದೃಷ್ಟಿಗೇ ಸಂಚಕಾರ. ಕುಂಕುಮವನ್ನು ಈಗಲೇ ತೊಳೆಯಬೇಕು, ವಿಭೂತಿ ಬೇಕಾದರೆ ಇರಲಿ ಎಂದರು. ಅದನ್ನು ಹೇಳಿದ ಮೇಲೆ ಅವರಿಗೇ ತಮ್ಮ ಮಾತು ಹೇಗೆ ಕೇಳಿಸಿತೆಂಬುದು ಹೊಳೆಯಿತು. ಕರಿಬಸಮ್ಮನವರು ಗಂಡನನ್ನು ಕಳೆದುಕೊಂಡವರು, ಅವರ ಹಣೆಯಲ್ಲಿದ್ದದ್ದು ಬರೀ ವಿಭೂತಿ.

"ನನ್ ಥರ ಮಾಡು ಅಂತೀಯೇನಮ್ಮ ಅವಳ್ನ" ಎಂದರು ಕರಿಬಸಮ್ಮ. "ನನ್ ಮಗ ಅಲ್ಲಿ ಜೀವ ಹಿಡ್ಕಂಡು ಮಲಗವ್ನೆ. ನಿನ್ ಹಣೇಲಿ ಮಾತ್ರ ದುಂಡಗೆ ಇಟ್ಕಂಡು, ನನ್ ಸೊಸೇದು ಅಳಿಸು ಅಂತೀಯ. ನಿನ್ ಗಂಡನ ಜೀವ ಜೀವ, ನನ್ ಮಗನ್ದು ಅಲ್ವಾ?"

ಮಂಜುಶ್ರೀಯೂ ಅತ್ತೆಯ ಕಡೆಗೇ ನಿಂತಳು. "ಕಣ್ಣು ಹೋದ್ರೆ ಹೋಗ್ಲಿ ಮೇಡಂ. ಅವ್ರು ಎದ್ದು ಬಂದ್ರೆ ಸಾಕು" ಎಂದಳು.

ಇಂಥ ಹೊತ್ತಿನಲ್ಲಿ ವಿಜ್ಞಾನದ ಭಾಷಣ ಮಾಡುವವರು ಬೇರೆ. ರಾಜಲಕ್ಷ್ಮಮ್ಮನವರು ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ, ಎಲ್ಲರೂ ನೋಡುತ್ತಿದ್ದಂತೆ ತಮ್ಮ ಹಣೆಯ ಕುಂಕುಮವನ್ನು ಒರೆಸಿ ಹಾಕಿದರು. "ನಾಲ್ಕು ದಿನ ಕೊಡಿ ಅಮ್ಮ. ಇವಳ ಹಣೆ ಹೆಂಗಿರ್ತದೋ ನನ್ನದೂ ಹಂಗೇ ಇರ್ತದೆ" ಎಂದರು. ಆಗ ಅಲ್ಲಿದ್ದ ನರ್ಸಿಂಗ್ ಅಧಿಕಾರಿ ಲೋಹಿತಾ ಇಂದಿಗೂ ಆ ಮಾತನ್ನು ಹಾಗೆಯೇ ಹೇಳಿ ತೋರಿಸುತ್ತಾರೆ. ಕರಿಬಸಮ್ಮನವರು ಕೊನೆಗೆ ಹೂಂ ಎಂದರು.

ಮಂಜುಶ್ರೀಯನ್ನು ವಾರ್ಡಿನಲ್ಲೇ ಉಳಿಸಿಕೊಂಡು ಊತ ಇಳಿಯಲು ಔಷಧಿ ಕೊಟ್ಟರು. ಅತ್ತೆಗೆ ನಂಬಿಕೆ ಬರಬೇಕಲ್ಲ, ಅದಕ್ಕಾಗಿ ಸೊಸೆಯ ಬೆನ್ನಿನ ಮೇಲೆ ಅಂಗಡಿಯ ಕುಂಕುಮ, ಮನೆಯಲ್ಲಿ ಕುಟ್ಟಿದ ಅರಿಶಿನ, ವಿಭೂತಿ ಈ ಮೂರನ್ನೂ ಚಿಟಿಕೆ ಚಿಟಿಕೆ ಇಟ್ಟು ಪಟ್ಟಿ ಅಂಟಿಸಿದರು. ಪಟ್ಟಿಯನ್ನು ಎರಡು ದಿನ ಬಿಟ್ಟು ತೆಗೆಯಬೇಕು, ಮತ್ತೆರಡು ದಿನ ಕಳೆದು ಇನ್ನೊಮ್ಮೆ ನೋಡಬೇಕು, ಅಲ್ಲಿಯವರೆಗೆ ಬೆನ್ನಿಗೆ ನೀರು ತಾಕಿಸಕೂಡದು. ಮೈ ಯಾವುದನ್ನು ಒಲ್ಲದೋ ಅದನ್ನು ಮೈಯೇ ಹೇಳುತ್ತದೆ ಎಂದು ಕರಿಬಸಮ್ಮನವರಿಗೆ ಬಿಡಿಸಿ ಹೇಳಿದರು.

ಆ ಸಂಜೆ ಮನೆಯಲ್ಲಿ ಪತಿ ಪರಮೇಶ್ ಅವರು ಹೆಂಡತಿಯ ಮುಖ ನೋಡಿ, "ಏನೇ ಇದು, ನಾನಿನ್ನೂ ಇದೀನಲ್ಲ" ಎಂದು ನಕ್ಕರು. ಪರಮೇಶ್ ಮಿಡಿಗೇಶಿಯ ಕಡೆ ಕಾಲೇಜೊಂದರಲ್ಲಿ ಉಪನ್ಯಾಸಕರು. ದಿನವೂ ಬೈಕಿನಲ್ಲೇ ಓಡಾಟ. ಹೆಂಡತಿ ನಗಲಿಲ್ಲ. "ಈ ನಾಲ್ಕು ದಿನ ಬಸ್ಸಲ್ಲಿ ಹೋಗಿ ಬನ್ನಿ" ಎಂದರು. ಶಾಲೆ ಶಾಲೆಗೂ ಹೋಗಿ ಮೂಢನಂಬಿಕೆಯ ವಿರುದ್ಧ ಮಾತಾಡಿ ಬಂದ ವೈದ್ಯೆಯ ದನಿ ಆ ದಿನ ನಡುಗಿತು, ಮತ್ತು ನಡುಗಿದ್ದಕ್ಕೆ ಅವರಿಗೆ ತಮ್ಮ ಮೇಲೆಯೇ ಸಿಟ್ಟು ಬಂದಿತು. ಪರಮೇಶ್ ಬೆಳಿಗ್ಗೆ ಎಂದಿನಂತೆ ಬೈಕಿನಲ್ಲೇ ಹೋದರು.

ಎರಡನೆಯ ದಿನ ತುಮಕೂರಿನಿಂದ ಫೋನು ಬಂದಿತು. ರೇಣುಕಪ್ರಸಾದನಿಗೆ ಜ್ವರ ಏರಿ ಮತ್ತೆ ಆಪರೇಷನ್ನಿಗೆ ಕರೆದೊಯ್ದರಂತೆ. ಕರಿಬಸಮ್ಮನವರು ಕುಂಕುಮದ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದು ವಾರ್ಡಿನ ಕಡೆ ಬಂದೇಬಿಟ್ಟರು. ಬಾಗಿಲಲ್ಲಿ ರಾಜಲಕ್ಷ್ಮಮ್ಮನವರು ಮೊಬೈಲನ್ನು ಕಿವಿಗಿಟ್ಟು ನಿಂತಿದ್ದರು. ಮಿಡಿಗೇಶಿ ದಾರಿಯಲ್ಲಿ ಯಾರೋ ಬೈಕಿನವರು ಬಿದ್ದರೆಂದು ಹೊರರೋಗಿಗಳ ಸಾಲಿನಲ್ಲಿ ಮಾತು ಹಬ್ಬಿತ್ತು, ಪರಮೇಶ್ ಫೋನೆತ್ತುತ್ತಿರಲಿಲ್ಲ.

"ದಾರಿ ಬುಡಮ್ಮ" ಎಂದ ಕರಿಬಸಮ್ಮ ವೈದ್ಯೆ ಒಂದೇ ನಂಬರನ್ನು ಮತ್ತೆ ಮತ್ತೆ ಒತ್ತುವುದನ್ನು ಕಂಡರು. "ಯಾರಿಗೆ ಫೋನು?"

"ನಮ್ಮನೆಯವ್ರಿಗೆ. ಎತ್ತುತಾ ಇಲ್ಲ."

ಕರಿಬಸಮ್ಮನವರು ಆ ಬೋಳು ಹಣೆಯನ್ನೇ ನೋಡಿದರು. "ನಿಂಗೂ ಭಯ ಐತಾ?"

"ಐತಮ್ಮ. ಓದಿದ್ದೆಲ್ಲ ತಲೇಲಿದೆ, ಎದೆ ಕೇಳ್ತಾ ಇಲ್ಲ." ಮೊಬೈಲು ಕೆಳಗಿಳಿಸಿ, "ಆದ್ರೂ ಆ ಹುಡುಗಿ ಕಣ್ಣು ಕಳೆಯಕ್ಕೆ ನಾನು ಬಿಡಲ್ಲ" ಎಂದರು.

ಇಬ್ಬರೂ ಅಲ್ಲೇ ಬೆಂಚಿನ ಮೇಲೆ ಕುಳಿತರು. ಅದು ವೈದ್ಯೆ, ರೋಗಿಯ ಕಡೆಯವರು ಕುಳಿತಂತೆ ಇರಲಿಲ್ಲ. ಎರಡು ಮನೆಯ ಹೆಂಗಸರು ಕಾಯುತ್ತಾ ಕುಳಿತಂತೆ ಇತ್ತೆಂದು ಲೋಹಿತಾ ಹೇಳುತ್ತಾರೆ. ಪೊಟ್ಟಣ ಕರಿಬಸಮ್ಮನವರ ಮಡಿಲಲ್ಲಿತ್ತು, ಅವರು ಅದನ್ನು ಬಿಚ್ಚಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಪರಮೇಶ್ ತಾವಾಗಿ ಫೋನು ಮಾಡಿದರು; ಪರೀಕ್ಷೆಯ ಕೊಠಡಿಯೊಳಗೆ ಇದ್ದರಂತೆ. "ಊಟ ಮಾಡಿದ್ಯಾ?" ಎಂದು ಕೇಳಿದ ಗಂಡನಿಗೆ ರಾಜಲಕ್ಷ್ಮಮ್ಮನವರು, "ಸಂಜೆ ಬೈಕು ನಿಧಾನ ಓಡಿಸಿ" ಎಂದರು. ತುಮಕೂರಿನ ಸುದ್ದಿ ಬರಲು ಸಂಜೆಯಾಯಿತು. ಆಪರೇಷನ್ ಮುಗಿದಿತ್ತು, ಜೀವಕ್ಕೆ ಭಯವಿಲ್ಲವೆಂದರು.

ಆಮೇಲೆ ಪಟ್ಟಿ ಬಿಚ್ಚಿದರು. ವಿಭೂತಿ ಇಟ್ಟ ಜಾಗ ತಣ್ಣಗಿತ್ತು, ಅರಿಶಿನದ ಜಾಗದಲ್ಲಿ ಹಳದಿ ಬಿಟ್ಟರೆ ಏನೂ ಇಲ್ಲ. ಕುಂಕುಮದ ಜಾಗ ಮಾತ್ರ ಕೆಂಪಗೆ ದದ್ದೆದ್ದಿತ್ತು. ಮತ್ತೆರಡು ದಿನಕ್ಕೆ ಅದೇ ಜಾಗ ನೀರ್ಗುಳ್ಳೆಯಾಯಿತು. ಕರಿಬಸಮ್ಮನವರು ಬೆರಳ ತುದಿಯಿಂದ ಮುಟ್ಟಿ ನೋಡಿ, "ನನ್ ಕೈಯಾರ ಹಚ್ಚಿದ್ನಲ್ಲ ಕಣಮ್ಮ ಇದ್ನ" ಎಂದು ಸೊಸೆಯ ಬೆನ್ನಿಗೆ ಮುಖವಿಟ್ಟು ಅತ್ತರು. ಮಂಜುಶ್ರೀ ಆ ಹೊತ್ತಿಗೆ ಕಣ್ಣು ಬಿಡುತ್ತಿದ್ದಳು.

ಕುಂಕುಮವೇ ಬೇಡವೆಂದು ವೈದ್ಯೆ ಹೇಳಲಿಲ್ಲ. ಹಿಂದಿನವರಂತೆ ಅರಿಶಿನಕ್ಕೆ ನಿಂಬೆರಸ, ಬಿಳಿಗಾರ ಸೇರಿಸಿ ಮನೆಯಲ್ಲೇ ಮಾಡಿಕೊಳ್ಳಿ, ಹಣೆಯ ಗಾಯ ಪೂರ್ತಿ ಮಾಗಿದ ಮೇಲೆ ಅದನ್ನೂ ಮೊದಲು ತೋಳಿಗೆ ಹಚ್ಚಿ ನೋಡಿ ಎಂದರು. ಆ ಕೆಂಪಿನ ಸ್ಟಿಕ್ಕರು, ಲಿಪ್‌ಸ್ಟಿಕ್ ಕೂಡ ಹುಷಾರು ಎಂದು ಎಚ್ಚರಿಸಿದರು. ರೇಣುಕಪ್ರಸಾದ್ ಕೋಲೂರಿಕೊಂಡು ಮನೆಗೆ ಬಂದ ದಿನ ಮಂಜುಶ್ರೀಯ ಹಣೆಯಲ್ಲಿದ್ದದ್ದು ಅತ್ತೆ ಮಾಡಿದ ಕುಂಕುಮ.

ಇಲ್ಲಿಗೆ ಮುಗಿಸಿದ್ದರೆ ಈ ಲೇಖನ ಸುಖಾಂತವಾಗುತ್ತಿತ್ತು. ಮೂರು ವರ್ಷದ ಮೇಲೆ ಪರಮೇಶ್ ಅವರು ತರಗತಿಯಲ್ಲೇ ಎದೆನೋವು ಬಂದು ತೀರಿಕೊಂಡರು. ಹೋದವರು ಸುಮ್ಮನೆ ಹೋಗಲಿಲ್ಲ, ಹೆಂಡತಿಯ ತಲೆಗೆ ಊರಿನ ಪಿಸುಮಾತನ್ನು ಬಿಟ್ಟುಹೋದರು. ಅವತ್ತು ಅಷ್ಟು ಜನರ ಮುಂದೆ ಅಳಿಸಿಕೊಂಡಳಲ್ಲ, ಅದಕ್ಕೇ ಹೀಗಾಯಿತು ಎಂದು ಜನ ಆಡಿಕೊಂಡರು. ಕೇಳಿದರೆ ಮೈ ಉರಿಯುತ್ತದೆ. ಆದರೆ ನಮಗೆಲ್ಲ ಉರಿದದ್ದಕ್ಕಿಂತ ಹೆಚ್ಚಾಗಿ ರಾಜಲಕ್ಷ್ಮಮ್ಮನವರು ಬೆಂದದ್ದು, ಒಮ್ಮೊಮ್ಮೆ ಆ ಮಾತು ತಮ್ಮೊಳಗಿಂದಲೇ ಕೇಳಿಸಿದಂತಾಗುತ್ತಿದ್ದುದಕ್ಕೆ. ಹಾಗೆಂದು ಲೋಹಿತಾರ ಹತ್ತಿರ ಅವರೇ ಹೇಳಿಕೊಂಡಿದ್ದಾರೆ.

ತಿಂಗಳು ಕಳೆದು ಅವರು ಕೆಲಸಕ್ಕೆ ಮರಳಿದ ದಿನ ಹೊರರೋಗಿಗಳ ಸಾಲಿನಲ್ಲಿ ಕರಿಬಸಮ್ಮನವರು ಚೀಟಿ ಮಾಡಿಸಿಕೊಂಡು ಕುಳಿತಿದ್ದರು. ಸರದಿ ಬಂದಾಗ ಸೆರಗಿನ ಗಂಟು ಬಿಚ್ಚಿ ಸಣ್ಣ ಡಬ್ಬಿ ತೆಗೆದರು.

"ನಾನೇ ಮಾಡಿದ್ದು. ನನ್ ತೋಳಿಗೆ ಹಚ್ಕಂಡು ಎರಡು ದಿನ ನೋಡಿವ್ನಿ, ಏನೂ ಆಗ್ಲಿಲ್ಲ. ನನ್ ಮಗನ್ನ ಕಾದಿದ್ದು ಕುಂಕುಮ ಅಲ್ಲ, ನಿನ್ ಗಂಡನ್ನ ಕೊಂದಿದ್ದೂ ಕುಂಕುಮ ಅಲ್ಲ. ತಲೆ ಎತ್ತಮ್ಮ" ಎಂದರು.

ಬರೀ ವಿಭೂತಿಯ ಆ ಹಿರಿಯರು ತಮ್ಮ ಉಂಗುರದ ಬೆರಳಿನಿಂದ ವೈದ್ಯೆಯ ಹಣೆಗೆ ಕುಂಕುಮ ಇಟ್ಟರು. ಸಾಲಿನಲ್ಲಿದ್ದವರೆಲ್ಲ ನೋಡಿದರು. ರಾಜಲಕ್ಷ್ಮಮ್ಮನವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು, ಅಂದು ಬೆಂಚಿನ ಮೇಲೆ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತರು. ಆಮೇಲೆ ಕನ್ನಡಕ ಒರೆಸಿಕೊಂಡು ಮುಂದಿನವರನ್ನು ಕರೆದರು.

ಈ ಸಂಪುಟ ಬಿಡುಗಡೆಯಾಗುವ ದಿನ ಸಭೆಯ ಬಾಗಿಲಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿಯಲು ಯಾರಾದರೂ ಮುತ್ತೈದೆಯನ್ನು ಹುಡುಕೋಣವೆಂದು ಸಮಿತಿಯ ಕೆಲವರು ಹೇಳಿದರು. ಹುಡುಕುವುದು ಬೇಡವೆಂದು ತೀರ್ಮಾನವಾಗಿದೆ. ತಟ್ಟೆ ಹಿಡಿಯುವವರು ಕರಿಬಸಮ್ಮನವರು, ಕುಂಕುಮವೂ ಅವರ ಮನೆಯದೇ. ನಿವೃತ್ತಿಯ ಮಾರನೆಯ ದಿನದಿಂದಲೇ ಮನೆಯ ಜಗುಲಿಯಲ್ಲಿ ರೋಗಿಗಳನ್ನು ನೋಡುವುದಾಗಿ ರಾಜಲಕ್ಷ್ಮಮ್ಮನವರು ಆಗಲೇ ಹೇಳಿದ್ದಾರೆ. ಅವರಿಗೆ ಆಯುಸ್ಸು ಬೆಳೆಯಲಿ, ಜಗುಲಿಯ ಮುಂದಿನ ಸಾಲು ಬೇಕಾದರೆ ಕಿರಿದಾಗಲಿ. ಆ ದಿನ ತಟ್ಟೆ ಮೊದಲು ಯಾರ ಮುಂದೆ ನಿಲ್ಲಬೇಕೆಂದು ಕರಿಬಸಮ್ಮನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.