ಪಾದ್ರಿಗಳ ಒಲೆಯವಳು

ಎಲ್ಮ್‌ಬೆಕ್ ಊರಿನಲ್ಲಿ ಆಲ್ಡಿತಳ ಅಡುಗೆಯನ್ನು ಹಳಿದವರು ಯಾರೂ ಇಲ್ಲ. ಅವಳ ಬಾಯಿಗೆ ಹೆದರದವರೂ ಇಲ್ಲ. ಮಾಡಿಗೆ ಹುಲ್ಲು ಹೊದಿಸುತ್ತಿದ್ದ ಗಂಡ ಮೇಲಿನಿಂದ ಬಿದ್ದು ಸತ್ತಾಗ ಅವಳಿಗಿನ್ನೂ ಚಿಕ್ಕ ವಯಸ್ಸು. ಅಳುವಷ್ಟು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಊರಿನ ಪಾದ್ರಿ ಹಾಮೋ ಅವರ ಮನೆಯ ಬಾಗಿಲಿಗೆ ಹೋಗಿ, "ನಿಮ್ಮನೆ ಹೊಗೆ ವಾಸ್ನೆಯಲ್ಲೇ ಗೊತ್ತಾಗುತ್ತೆ ಗುರುಗಳೇ, ದಿನಾ ಗಂಜಿ ಸೀಯ್ತಾ ಇದೆ. ನಾನು ಬಂದು ಮಾಡಿ ಹಾಕ್ತೀನಿ," ಎಂದಳು. ಹಾಮೋ ಒಳ್ಳೆಯವರು, ಗುಂಡಗಿದ್ದರು, ಪ್ರಾರ್ಥನೆಯಲ್ಲಿ ತುಸು ಅವಸರ, ಊಟದಲ್ಲಿ ನಿಧಾನ. ಅವಳ ಕೈಯ ಹಾವುಮೀನು ತುಂಬಿದ ರೊಟ್ಟಿ ತಿಂದ ಮೇಲೆ ಅವಳನ್ನು ಬಿಟ್ಟುಕೊಡುವ ಮಾತೇ ಇರಲಿಲ್ಲ.

ಆ ಕಡೆ ಪಾದ್ರಿಯ ಮನೆಯಲ್ಲಿ ಅಡುಗೆ ನೋಡಿಕೊಳ್ಳುವ ಹೆಂಗಸಿಗೆ ಒಲೆಯವಳು ಎನ್ನುತ್ತಾರೆ. ಆ ಮಾತಿಗೆ ಇನ್ನೊಂದು ಅರ್ಥವೂ ಇದೆ. ಪಾದ್ರಿಗಳು ಮದುವೆಯಾಗುವಂತಿಲ್ಲ, ಆದ್ದರಿಂದ ಕೆಲವರು ಇಟ್ಟುಕೊಳ್ಳುತ್ತಾರೆ. ಹಾಗೆ ಇಟ್ಟುಕೊಂಡವಳಿಗೂ ಜನ ಒಲೆಯವಳು ಎಂದೇ ಹೇಳುವುದು. ಸುತ್ತಲಿನ ಊರುಗಳಲ್ಲಿ ಅಂಥವರು ಬೇಕಾದಷ್ಟಿದ್ದರು. ಆಲ್ಡಿತ್ ಮಾತ್ರ ಕತ್ತಲಾಗುವ ಮೊದಲೇ ತನ್ನ ಗುಡಿಸಲಿಗೆ ಹೋಗಿಬಿಡುವವಳು. ಅವಳಿಗೂ ಪಾದ್ರಿಗಳಿಗೂ ನಡುವೆ ಇದ್ದದ್ದು ಒಲೆ ಒಂದೇ. ಊರಿಗೆಲ್ಲ ಅದು ಗೊತ್ತಿದ್ದುದರಿಂದ ಆ ಇನ್ನೊಂದು ಅರ್ಥ ಅವಳಿಗೆ ಹೊಳೆಯುತ್ತಲೂ ಇರಲಿಲ್ಲ.

ಅವಳ ತಲೆಯಲ್ಲಿ ಇದ್ದವನು ಸೆರ್ಲೊ. ಇಗರ್ಜಿಯ ಗಂಟೆ ಹೊಡೆಯುವವನು. ಉದ್ದ ಕೈ, ಗಿಡ್ಡ ಮಾತು. ಸಂಜೆಯ ಗಂಟೆ ಹೊಡೆದು ನೇರ ಪಾದ್ರಿಗಳ ಹಿತ್ತಲಿಗೆ ಬಂದು, ಆಲ್ಡಿತ್ ಕೊಟ್ಟ ಬಾರ್ಲಿ ಬಿಯರ್ ಕುಡಿದು, ಮೀಸೆ ಒರೆಸಿಕೊಂಡು, "ಈ ಸುಗ್ಗಿ ಮುಗೀಲಿ ಆಲ್ಡಿತ್, ನಿನ್ನ ಮಾಡ್ಕೋತೀನಿ," ಎನ್ನುವನು. ಸುಗ್ಗಿ ಮುಗಿದರೆ ಕ್ರಿಸ್ಮಸ್ ಬರಲಿ ಎನ್ನುವನು. ಕ್ರಿಸ್ಮಸ್ ಬಂದರೆ ಈಸ್ಟರ್. ವರ್ಷಗಟ್ಟಲೆ ಇದೇ ರಾಗ. "ನನ್ನ ಗೋರಿ ಹತ್ರ ನಿಂತೂ ಇವ್ನು ಮಾಡ್ಕೋತೀನಿ ಅಂತಾನೆ ಕಣೆ," ಎಂದು ಅವಳು ಗಿರಣಿಯವನ ಹೆಂಡತಿ ಮ್ಯಾಬಿಲ್ ಹತ್ತಿರ ಗೊಣಗುವಳು. ಗೊಣಗಿ, ಮರುದಿನ ಅವನ ಲೋಟಕ್ಕೆ ಇನ್ನಷ್ಟು ಬಿಯರ್ ಸುರಿಯುವಳು. ಹೆಣ್ಣಿನ ಮನಸ್ಸು ಎಷ್ಟು ದಿನ ಕಾಯುತ್ತದೋ ನೋಡಿ.

ಅಷ್ಟರಲ್ಲಿ ದೊಡ್ಡವರ ಜಗಳ ಶುರುವಾಯಿತು. ದೇಶದ ಪಾದ್ರಿಗಳಿಗೆಲ್ಲ ಹಿರಿಯರಾದವರು ಕೂರುವ ಕ್ಯಾಂಟರ್ಬರಿಯ ದೊಡ್ಡ ಪೀಠದಲ್ಲಿ ಯಾರನ್ನು ಕೂರಿಸಬೇಕು ಎಂಬುದಕ್ಕೆ ಇಂಗ್ಲೆಂಡಿನ ರಾಜ ಒಂದು ಹೆಸರು ಹೇಳಿದ, ರೋಮಿನ ಪೋಪ್ ಇನ್ನೊಂದು ಹೆಸರು ಹೇಳಿದರು. ಇಬ್ಬರಲ್ಲಿ ಒಬ್ಬರೂ ಜಗ್ಗಲಿಲ್ಲ. ಪೋಪ್ ಸಿಟ್ಟಿಗೆದ್ದು ಇಡೀ ದೇಶದ ಇಗರ್ಜಿಗಳ ಬಾಗಿಲು ಹಾಕಿಸಿದರು. ಪೂಜೆ ಇಲ್ಲ, ಗಂಟೆ ಇಲ್ಲ, ಸತ್ತವರಿಗೆ ಇಗರ್ಜಿಯ ಅಂಗಳದಲ್ಲಿ ಮಣ್ಣೂ ಇಲ್ಲ. ರಾಜನ ಹಟಕ್ಕೆ ಎಲ್ಮ್‌ಬೆಕ್‌ನ ಮುದುಕಿಯರನ್ನು ಹೊಲದ ಬದುವಿನಲ್ಲಿ ಹೂಳಬೇಕಂತೆ. ಇದು ಯಾವ ಸೀಮೆಯ ನ್ಯಾಯವೋ. ರಾಜನೇನು ಕಡಿಮೆಯೇ? ಪೂಜೆ ಮಾಡದವರಿಗೆ ಕಾಳು ಯಾಕೆ ಎಂದು ಪಾದ್ರಿಗಳ ಕಣಜಗಳಿಗೆಲ್ಲ ಬೀಗ ಜಡಿಸಿದ. ಅಷ್ಟಕ್ಕೂ ಹೊಟ್ಟೆ ತಣ್ಣಗಾಗದೆ, ಪಾದ್ರಿಗಳ ಒಲೆಯ ಹೆಂಗಸರನ್ನು ಹಿಡಿದು ಕೋಟೆಯಲ್ಲಿಡಿ, ಬೇಕಾದವರು ದಂಡ ತೆತ್ತು ಬಿಡಿಸಿಕೊಳ್ಳಲಿ ಎಂದ. ಪಾದ್ರಿಗಳ ಗಂಟೂ ಕರಗಬೇಕು, ಗುಟ್ಟೂ ಬೀದಿಗೆ ಬೀಳಬೇಕು. ದುಷ್ಟತನವೇ ಸರಿ, ಆದರೆ ಸುದ್ದಿ ಕೇಳಿ ಎಷ್ಟೋ ಊರಿನವರು ಬಾಯಿ ಮುಚ್ಚಿಕೊಂಡು ನಕ್ಕದ್ದೂ ನಿಜ.

ಎಲ್ಮ್‌ಬೆಕ್‌ಗೆ ರಾಜನ ಕಡೆಯವರು ಬಂದದ್ದು ಒಂದು ಬೆಳಿಗ್ಗೆ. ಕುದುರೆಯ ಮೇಲೆ ಒಬ್ಬ ಗುಮಾಸ್ತ, ಹಿಂದೆ ಇಬ್ಬರು ಸಿಪಾಯಿಗಳು, ಒಂದು ಗಾಡಿ. ಗಾಡಿಯಲ್ಲಿ ಪಕ್ಕದೂರುಗಳ ಒಲೆಯವರು ಆಗಲೇ ಕೂತು ಹರಟೆ ಹೊಡೆಯುತ್ತಿದ್ದರು. ಆಲ್ಡಿತ್ ಕೈತುಂಬ ಹಿಟ್ಟು ಮೆತ್ತಿಕೊಂಡು ಹೊರಗೆ ಬಂದಳು.

"ಈ ಪಾದ್ರಿಯ ಒಲೆಯವಳು ನೀನೇನಾ?" ಎಂದ ಗುಮಾಸ್ತ.

"ಹೂಂ, ನಾನೇ. ಈ ಸುತ್ತಿನಲ್ಲಿ ನನ್ನಂಥ ಒಲೆಯವಳು ಇನ್ನೊಬ್ಬಳಿಲ್ಲ. ಬೇಕಾದ್ರೆ ಗುರುಗಳನ್ನೇ ಕೇಳಿ."

ಗಾಡಿಯಲ್ಲಿ ಹರಟೆ ನಿಂತಿತು. ಗುಮಾಸ್ತ ಕೆಮ್ಮಿದ. "ಬಹಳ ವರ್ಷದಿಂದಲಾ?"

"ಗಂಡ ಸತ್ತಾಗಿಂದ. ಒಂದು ದಿನಾನೂ ಅವರನ್ನ ಹಸಿವಲ್ಲಿ ಮಲಗಿಸಿಲ್ಲ ನಾನು."

ಒಬ್ಬ ಸಿಪಾಯಿ ಬೇಲಿ ಹಿಡಿದುಕೊಂಡು ನಗತೊಡಗಿದ. ಗುಮಾಸ್ತ ತುಟಿ ಕಚ್ಚಿಕೊಂಡು, "ಸರಿ, ಗಾಡಿ ಹತ್ತಮ್ಮ," ಎಂದ.

ತಾನು ಏನು ಒಪ್ಪಿಕೊಂಡೆ ಎಂಬುದು ಆಲ್ಡಿತಳಿಗೆ ಆಗ ಹೊಳೆಯಿತು. ಹತ್ತಿದರೆ ಇಳಿಯುವುದು ಯಾವಾಗಲೋ. ಕಣಜಕ್ಕೇ ಬೀಗ ಬಿದ್ದಿರುವ ಪಾದ್ರಿಗಳು ದಂಡ ಎಲ್ಲಿಂದ ತಂದಾರು? ತಂದು ಬಿಡಿಸಿದರೂ ಹೆಸರಿಗೆ ಹತ್ತಿದ ಮಸಿಯನ್ನು ಯಾರು ತೊಳೆಯುತ್ತಾರೆ?

ಹಾಮೋ ಏದುಸಿರು ಬಿಡುತ್ತಾ ಓಡಿಬಂದರು. ಅವರ ಹಿಂದೆ ಅರ್ಧ ಊರು. "ಅಡುಗೆಯವಳು ಕಣಪ್ಪಾ, ಬರೀ ಅಡುಗೆಯವಳು."

"ಎಲ್ಲ ಪಾದ್ರಿಗಳೂ ಹೀಗೇ ಹೇಳೋದು ಗುರುಗಳೇ. ಆ ಮೂವರೂ ಅಡುಗೆಯವರೇ ಅಂತೆ," ಎಂದು ಗುಮಾಸ್ತ ಗಾಡಿಯ ಕಡೆ ಕೈ ತೋರಿಸಿದ. "ಗಂಡ ಇರೋಳಾದ್ರೆ ಮುಟ್ಟಬೇಡಿ ಅಂತ ಅಪ್ಪಣೆ ಇದೆ. ಇದಾನಾ ಗಂಡ?"

"ಇದೀನಿ," ಎಂದಿತು ಹಿಂದಿನಿಂದ ಒಂದು ದನಿ.

ಎಲ್ಲರೂ ತಿರುಗಿ ನೋಡಿದರು. ಸೆರ್ಲೊ.

"ಇಗರ್ಜಿ ಬಾಗಿಲು ಹಾಕಿದೆ. ಮದುವೆ ಎಲ್ಲಾಯ್ತಯ್ಯ?" ಎಂದ ಗುಮಾಸ್ತ.

ಪಾದ್ರಿಗಳ ಮುಖ ಅರಳಿತು. "ಬಾಗಿಲು ಯಾಕೆ ಬೇಕು? ಗಂಡು ಹೆಣ್ಣು ಸಾಕ್ಷಿ ಮುಂದೆ ಒಬ್ಬರಿಗೊಬ್ಬರು ಮಾತು ಹೇಳಿದ್ರೆ ಮದುವೆ ಆಯ್ತು. ಇಗರ್ಜಿಯ ಕಟ್ಟಳೆ ಅದು. ಓದಿದೋನು ನೀನು, ನಿಂಗೆ ಗೊತ್ತಿಲ್ವೇ?"

"ಗೊತ್ತು, ಗೊತ್ತು. ಏನು ಮಾತು ಹೇಳ್ದೆಯಪ್ಪಾ?"

ಸೆರ್ಲೊಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಮಾಡ್ಕೋತೀನಿ ಅಂದೆ."

"ಯಾರು ಸಾಕ್ಷಿ?"

"ಇಡೀ ಊರೇ ಸಾಕ್ಷಿ ಸ್ವಾಮಿ," ಎಂದಳು ಮ್ಯಾಬಿಲ್. "ಹಬ್ಬಕ್ಕೊಂದು ಸಲ ಹೇಳ್ತಾನೆ."

ಜನ ಗೊಳ್ಳೆಂದರು. ಗುಮಾಸ್ತ ಬೆರಳೆತ್ತಿದ. "ಮಾಡ್ಕೋತೀನಿ ಅಂದ್ರೆ ಮುಂದಿನ ಮಾತು. ಅದು ನಿಶ್ಚಿತಾರ್ಥ ಆಯ್ತು, ಮದುವೆ ಆಗ್ಲಿಲ್ಲ. ಮಾಡ್ಕೊಂಡೆ ಅಂದಿದ್ರೆ ಮದುವೆ. ಅಂದಿದೀಯಾ?"

ಸೆರ್ಲೊ ತಲೆ ತಗ್ಗಿಸಿದ. "ಇಲ್ಲ."

"ಈಗ ಅನ್ನೋ ದಡ್ಡ," ಎಂದು ಪಾದ್ರಿಗಳು ಅವನ ಬೆನ್ನಿಗೆ ತಿವಿದರು.

"ಬೇಡ." ಹೇಳಿದವಳು ಆಲ್ಡಿತ್. ನಾಲಿಗೆ ಎಂದಿನದೇ. "ಗಾಡಿ ಬಂದು ನಿಂತಿದೆ ಅಂತ ಹೇಳೋ ಮಾತು ನಂಗೆ ಬೇಡ. ಇಷ್ಟು ವರ್ಷ ಬಾರದ್ದು ಇವತ್ತು ಕನಿಕರಕ್ಕೆ ಬರೋದಾದ್ರೆ ನಾನು ಕೋಟೆಗೇ ಹೋಗ್ತೀನಿ. ಅಲ್ಲೂ ಒಂದು ಒಲೆ ಇರುತ್ತೆ."

ಹೇಳಿದ್ದೇನೋ ಹೇಳಿದಳು. ಒಳಗೊಳಗೇ, ಇವನು ಹೂಂ ಎಂದು ಸುಮ್ಮನಾಗಿಬಿಟ್ಟರೆ ಎಂದು ಜೀವ ಹಾರುತ್ತಿತ್ತು. ಕೋಟೆಯ ಭಯಕ್ಕಿಂತ ಆ ಭಯವೇ ದೊಡ್ಡದಾಗಿತ್ತು.

ಸೆರ್ಲೊ ಅವಳ ಮುಂದೆ ಬಂದು ನಿಂತ. ಕೈ ಎಲ್ಲಿಡುವುದೆಂದು ತಿಳಿಯದೆ ಟೋಪಿ ಹಿಂಡುತ್ತಿದ್ದ.

"ಕನಿಕರ ಅಲ್ಲ ಕಣೆ. ಹೆದರಿಕೆ. ಮಾಡ್ಕೋತೀನಿ ಅಂದ್ರೆ ನೀನು ನಕ್ಕು ಬಿಯರ್ ಹಾಕ್ತೀಯ. ಮಾಡ್ಕೊಂಡೆ ಅಂದ್ರೆ ನೀನು ಉತ್ತರ ಹೇಳ್ಬೇಕಾಗುತ್ತೆ. ಬೇಡ ಅಂದ್ಬಿಟ್ರೆ, ನಾಳೆ ಸಂಜೆ ನಾನು ಎಲ್ಲಿಗೆ ಹೋಗ್ಲಿ?"

ಸೆರ್ಲೊ ಅಷ್ಟುದ್ದ ಮಾತಾಡಿದ್ದನ್ನು ಎಲ್ಮ್‌ಬೆಕ್ ಅಂದೇ ಕೇಳಿದ್ದು.

"ನಿನ್ನ ಮಾಡ್ಕೊಂಡೆ ಆಲ್ಡಿತ್," ಎಂದ ಸೆರ್ಲೊ.

ಅವಳು ತಕ್ಷಣ ಉತ್ತರಿಸಲಿಲ್ಲ. ಅಷ್ಟು ವರ್ಷ ಕಾಯಿಸಿದವನು ಸ್ವಲ್ಪ ಕಾಯಲಿ. ಅವನ ಮುಖ ಬಿಳುಚುವುದನ್ನು ನೋಡಿದಳು, ಟೋಪಿ ಬೆರಳ ನಡುವೆ ಮುದ್ದೆಯಾಗುವುದನ್ನು ನೋಡಿದಳು. ಆಮೇಲೆ ತಡೆಯಲಾರದೆ, ಹಿಟ್ಟಿನ ಕೈಯಲ್ಲೇ ಅವನ ಕೈ ಹಿಡಿದಳು.

"ನಾನೂ ನಿನ್ನ ಮಾಡ್ಕೊಂಡೆ. ಸಾಕಾ? ಟೋಪಿ ಬಿಡು, ಹರಿಯುತ್ತೆ."

"ಇದು ಮದುವೆ," ಎಂದು ಗುಮಾಸ್ತ ಕುದುರೆ ತಿರುಗಿಸಿದ. ಆಲ್ಡಿತ್ ಒಳಗೆ ಓಡಿ, ಆಗಷ್ಟೇ ಬೆಂದ ರೊಟ್ಟಿಗಳನ್ನು ತಂದು ಗಾಡಿಯ ಹೆಂಗಸರ ಮಡಿಲಿಗೆ ಹಾಕಿದಳು. ಅವರ ಮೇಲೆ ಅವಳಿಗೆ ನಿಜವಾಗಿಯೂ ಮರುಕ ಬಂದಿತ್ತು. "ನಮ್ಮೂರ ಗಂಟೆಯವನಿಗೆ ಎಂಬತ್ತು ವರ್ಷ ತಾಯಿ, ಇಲ್ದಿದ್ರೆ ನಾವೂ ಒಂದು ಕೈ ನೋಡ್ತಿದ್ವಿ," ಎಂದಳು ಅವರಲ್ಲೊಬ್ಬಳು, ಬಾಯಿತುಂಬ ರೊಟ್ಟಿ ತುಂಬಿಕೊಂಡು. ಸುಗ್ಗಿಗೆ ಮೊದಲೇ ಆ ಮೂವರೂ ತಮ್ಮ ಪಾದ್ರಿಗಳಿಂದ ದಂಡ ತೆರಿಸಿ ತಂತಮ್ಮ ಒಲೆಗಳಿಗೆ ಮರಳಿದರು. ರಾಜನ ಕೋಪದ ಹಣೆಬರಹ ಅಷ್ಟೇ.

ಗಾಡಿ ಮರೆಯಾದ ಮೇಲೆ ಹಾಮೋ ಕಲ್ಲಿನ ಮೇಲೆ ಕುಸಿದು ಕೂತರು. "ಆಶೀರ್ವಾದ ಮಾಡೋಣ ಅಂದ್ರೆ ಪೋಪ್ ಬಿಡಲ್ಲ, ಔತಣ ಹಾಕೋಣ ಅಂದ್ರೆ ರಾಜ ಕಣಜ ಬಿಡಲ್ಲ," ಎಂದರು. "ಆದ್ರೆ ಕೇಳಿ ಮಕ್ಕಳೇ, ನೀವು ಈಗ ಕಟ್ಟಿದ ಗಂಟನ್ನ ಪೋಪೂ ಬಿಚ್ಚಲಾರರು, ರಾಜನೂ ಬಿಚ್ಚಲಾರ. ಈ ವರ್ಷ ಇಬ್ಬರೂ ಒಪ್ಪೋದು ಇದೊಂದನ್ನೇ."

ಆಲ್ಡಿತ್ ನಗುತ್ತಾ ಅಡುಗೆಮನೆಗೆ ನಡೆದಳು. ಹಿಂದೆ ಹೆಜ್ಜೆಯ ಸದ್ದು ಕೇಳಲಿಲ್ಲ. ತಿರುಗಿ ನೋಡಿದರೆ ಸೆರ್ಲೊ ಹೊಸ್ತಿಲ ಹೊರಗೇ ನಿಂತಿದ್ದ.

"ಒಳಗೆ ಬಾ," ಎಂದಳು.

"ಬರ್ತೀನಿ," ಎಂದವನು ಅವಳ ಮುಖ ನೋಡಿ, ಕಾಲೆತ್ತಿ ಹೊಸ್ತಿಲು ದಾಟುತ್ತಾ, "ಬಂದೆ," ಎಂದ.