ಉತ್ತರಹಳ್ಳಿಗೆ ಎರವಲು ಹೋದ ಗೋಲ್‌ಕೀಪರ್

ಭಾನುವಾರ ಬೆಳಗ್ಗೆ ಎದ್ದು ನೋಡಿದರೆ ಮುತ್ತುರಾಜನ ಬಲಗೈ ಕಿರುಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಮಡಚಲು ಹೋದ, ಮೊಣಕೈವರೆಗೆ ಕರೆಂಟು ಹೊಡೆದ ಹಾಗಾಯಿತು. ಮಧ್ಯಾಹ್ನ ಮೂರೂವರೆಗೆ ಮ್ಯಾಚು. ಅಂತಿಂಥ ಮ್ಯಾಚಲ್ಲ, ಫುಟ್‌ಬಾಲ್ ಲೀಗಿನ ಮೇಲ್ದರ್ಜೆಯಾದ ಸೂಪರ್ ಡಿವಿಷನ್ನಿನಲ್ಲಿ ಅವನ ಮೊಟ್ಟಮೊದಲನೆಯದು. ಹತ್ತೊಂಬತ್ತು ವರ್ಷದ ಗೋಲ್‌ಕೀಪರನಿಗೆ ಹತ್ತು ಬೆರಳೇ ಆಸ್ತಿ, ಅದರಲ್ಲಿ ಒಂದು ಕೆಟ್ಟು ಕೂತಿತ್ತು.

ಕೆಟ್ಟದ್ದು ಹೇಗೆ ಅನ್ನುವುದು ಇನ್ನೂ ದೊಡ್ಡ ತಲೆನೋವು. ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ.

ಅವನ ಕ್ಲಬ್ಬು ಜಯನಗರದ ಮಾಧವನ್ ಪಾರ್ಕ್ ಬಾಯ್ಸ್. ಕೋಚ್ ರವಿಕುಮಾರ್ ಬ್ಯಾಂಕ್ ನೌಕರರು, ಒಂದು ಕಾಲಕ್ಕೆ ಒಳ್ಳೆಯ ಹಾಫ್‌ಬ್ಯಾಕ್. ಯಾವುದೋ ಬಡಾವಣೆಯ ಹಬ್ಬದ ಕಪ್ಪಿನಲ್ಲಿ, ಕಲ್ಲುನೆಲದ ಮೇಲೆ ಮಂಡಿ ತಿರುಚಿಕೊಂಡು ಇಪ್ಪತ್ತಾರಕ್ಕೇ ಆಟ ಬಿಟ್ಟವರು. ಅದಕ್ಕೇ ಅವರದು ಒಂದೇ ಕಾನೂನು: ಲೀಗ್ ಆಡುವ ಹುಡುಗ ಕಪ್ ಮ್ಯಾಚಿಗೆ ಇಳಿಯಕೂಡದು. ಇಳಿದವನ ಹೆಸರಿಗೆ ಕ್ಲಬ್ ರಿಜಿಸ್ಟರಿನಲ್ಲಿ ಕೆಂಪು ಗೆರೆ. ಮೂರು ಹೆಸರು ಹಾಗೆ ಹೋದದ್ದನ್ನು ಮುತ್ತು ಕಣ್ಣಾರೆ ಕಂಡಿದ್ದ. ಕ್ಲಬ್ಬಿನ ಮೊದಲ ಕೀಪರ್ ಕಾಮಾಲೆ ಆಗಿ ಮಲಗಿದ್ದರಿಂದ ಈ ಅವಕಾಶ ಒದಗಿತ್ತು. ಗುರುವಾರ ಪ್ರಾಕ್ಟೀಸ್ ಮುಗಿದ ಮೇಲೆ ರವಿಕುಮಾರ್ ಅವನನ್ನು ಪಕ್ಕಕ್ಕೆ ಕರೆದಿದ್ದರು.

"ನೋಡು ಮುತ್ತು, ಎರಡು ವರ್ಷ ಲೋನ್ ಮೇಲೆ ಅಲ್ಲಿ ಇಲ್ಲಿ ತಿರುಗಿದ್ದು ಸಾಕು. ಭಾನುವಾರ ಚೆನ್ನಾಗಿ ನಿಂತ್ರೆ ನಿನ್ನ ಹೆಸರು ಇಲ್ಲೇ ಪರ್ಮನೆಂಟು. ಇಲ್ಲಾಂದ್ರೆ ಪೂರ್ತಿ ಬಿಟ್ಕೊಡ್ತೀನಿ. ಇನ್ಮೇಲೆ ಲೋನು ಗೀನು ಏನೂ ಇಲ್ಲ."

ಆ ಎರಡು ವರ್ಷದ ತಿರುಗಾಟವನ್ನೂ ಹೇಳಬೇಕು. ಮುತ್ತುವಿನ ಮನೆಯವರು ಬಾಗಲಕೋಟೆ ಕಡೆಯವರು. ತೊಂಬತ್ಮೂರರಲ್ಲಿ, ಅವನಿಗೆ ಒಂಬತ್ತು ವರ್ಷವಾಗಿದ್ದಾಗ, ಬಿಟಿಎಂನ ಒಂದು ಕೋಣೆಯ ಬಾಡಿಗೆ ಮನೆಗೆ ಬಂದಿಳಿದರು. ಅಪ್ಪ ಗೂಳಪ್ಪನಿಗೆ ಬಟ್ಟೆ ಅಂಗಡಿಯೊಂದರಲ್ಲಿ ಸೆಕ್ಯುರಿಟಿ ಕೆಲಸ, ಅವ್ವ ದುಂಡವ್ವನಿಗೆ ಹೊಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ. ಶಾಲೆಯಲ್ಲಿ ಅವನ ಮಾತಿನ ಧಾಟಿ ಕೇಳಿ ನಕ್ಕ ಹುಡುಗರು, ಯಾರಿಗೂ ಬೇಡವಾದ ಜಾಗ ಅಂತ ಅವನನ್ನು ಗೋಲಿನಲ್ಲಿ ನಿಲ್ಲಿಸಿದರು. ನಿಂತವನು ಆಮೇಲೆ ಅಲ್ಲಿಂದ ಈಚೆಗೆ ಬರಲೇ ಇಲ್ಲ.

ಹದಿನೇಳಕ್ಕೆ ಮಾಧವನ್ ಪಾರ್ಕಿನವರು ಅವನನ್ನು ಸೇರಿಸಿಕೊಂಡು, ಅದೇ ತಿಂಗಳು ಉತ್ತರಹಳ್ಳಿಯ ಸಣ್ಣ ತಂಡಕ್ಕೆ ಒಂದು ಸೀಸನ್ನಿಗೆ ಲೋನ್, ಅಂದರೆ ಎರವಲು ಕೊಟ್ಟರು. ಅಲ್ಲಿ ಗೋಲ್ ಕಂಬ ಅಂದರೆ ಎರಡು ಸರ್ವೆ ಮರ, ನೆಟ್ಟು ಇಲ್ಲವೇ ಇಲ್ಲ. ತಂಡದ ಸೆಕ್ರೆಟರಿ ಉಗ್ರಪ್ಪನಿಗೆ ಸೈಕಲ್ ಶಾಪಿತ್ತು. ಹೆಸರು ಕೇಳಿದರೆ ಹೆದರಿಕೆ, ಮನುಷ್ಯ ಮಾತ್ರ ಬೆಣ್ಣೆ. ಮೊದಲ ಮ್ಯಾಚಿನಲ್ಲೇ ಆರು ಗೋಲು ಬಿಟ್ಟು, ಮುತ್ತು ಸೈಕಲ್ ಶಾಪಿನ ಹಿಂದೆ ಕೂತು ಅಳುತ್ತಿದ್ದಾಗ ಉಗ್ರಪ್ಪ ಟೀ ಹಿಡಿದು ಬಂದ.

"ಏನ್ಲಾ, ಆರು ಒಳಗೋಯ್ತು ಅಂತ ಅಳ್ತಿದೀಯಾ? ಹದಿನಾಕು ಹಿಡ್ದಲ್ಲಾ, ಅದನ್ನ ಯಾರು ಎಣಿಸಿದ್ರು? ನಾನು ಎಣಿಸಿದೀನಿ. ಕುಡಿ ಟೀ."

ಮರುವರ್ಷ ಬನಶಂಕರಿಯ ಒಂದು ತಂಡಕ್ಕೆ ಹೋದ. ಅಲ್ಲಿ ನೆಟ್ಟಿತ್ತು, ಜರ್ಸಿ ಇತ್ತು, ಆದರೆ ಹನ್ನೊಂದು ಮ್ಯಾಚೂ ಬೆಂಚಿನ ಮೇಲೆ ಕೂತು ಕಳೆದ. ಆಗೆಲ್ಲ ಭಾನುವಾರ ಸಂಜೆ ಅವನ ಕಾಲು ತಾನಾಗಿ ಉತ್ತರಹಳ್ಳಿ ಬಸ್ಸು ಹತ್ತುತ್ತಿತ್ತು. ಕಾಗದದಲ್ಲಿ ಎರವಲು ಎಂದೋ ಮುಗಿದಿತ್ತು, ಉತ್ತರಹಳ್ಳಿಯವರ ಮನಸ್ಸಿನಲ್ಲಿ ಮುಗಿದಿರಲಿಲ್ಲ. "ನಮ್ಮ ಮುತ್ತು" ಅಂತಲೇ ಕರೆಯುತ್ತಿದ್ದರು.

ಹಾಗಾಗಿ ಶನಿವಾರ ಗಣೇಶನ ಹಬ್ಬದ ಕಪ್ಪಿನ ಫೈನಲ್ಲಿಗೆ ಅವನನ್ನು ಯಾರೂ ಕರೆಯಲಿಲ್ಲ, ತಾನೇ ಹೋದ. ನೋಡಿ ಬರೋಣ ಅಂತ. ಅಲ್ಲಿ ಅವರ ಕೀಪರ್ ಬಂದಿರಲಿಲ್ಲ. ಉಗ್ರಪ್ಪ ಬೇಡ ಅಂದ, "ನಾಳೆ ನಿಂದು ದೊಡ್ಡ ಮ್ಯಾಚು, ಸುಮ್ನೆ ಕೂತ್ಕೋ" ಅಂತ ಗದರಿದ. ಮುತ್ತು ಆಗಲೇ ಶರಟು ಬಿಚ್ಚುತ್ತಿದ್ದ. ಆಟ ಸಮವಾಗಿ ಮುಗಿದು ಪೆನಾಲ್ಟಿಗೆ ಹೋಯಿತು. ಎರಡು ಹಿಡಿದ, ಕಪ್ಪು ಉತ್ತರಹಳ್ಳಿಗೆ. ಎದುರಾಳಿಯ ಬೂಟು ಅವನ ಬೆರಳ ಮೇಲೆ ಬಿದ್ದದ್ದು ಅದಕ್ಕೂ ಮುಂಚೆ, ಆಟದ ಮಧ್ಯೆ. ಖುಷಿಯಲ್ಲಿ ನೋವು ಗೊತ್ತಾಗಲಿಲ್ಲ. ಮನೆಗೆ ಬರುವಾಗ ಬಸ್ಸಿನ ಕಂಬಿ ಹಿಡಿದಾಗ ಗೊತ್ತಾಯಿತು.

ಮನೆಯಲ್ಲಿ ಮುಚ್ಚಿಡಬೇಕು ಅಂದುಕೊಂಡಿದ್ದ. ಭಾನುವಾರ ಬೆಳಗ್ಗೆ ದುಂಡವ್ವ ರೊಟ್ಟಿ ಬಡಿಯುತ್ತಾ ಒಂದೇ ಸಲ ತಿರುಗಿ ನೋಡಿದಳು.

"ಏನಪಾ, ಎಡಗೈಲೆ ಯಾಕ ಉಣ್ಣಾಕತ್ತಿ?"

"ಸುಮ್ನ ಅವ್ವಾ."

"ಸುಮ್ನ ಎಡಗೈಲೆ ಉಣ್ಣಾವ್ರನ್ನ ನಾ ಎಲ್ಲೂ ನೋಡಿಲ್ಲ. ತಗಿ ಕೈ. ತಗಿ ಅಂದ್ನಿ."

ಅವನು ತೆಗೆದ. ಅವಳು ಹಿಟ್ಟಿನ ಕೈಯಲ್ಲೇ ಬೆರಳನ್ನು ತುದಿಯಿಂದ ಬುಡದವರೆಗೆ ಒತ್ತಿ ನೋಡಿದಳು. ಅವನು ಹಲ್ಲು ಕಚ್ಚಿದ.

"ಇವತ್ತ ಆಡಬ್ಯಾಡ."

"ಆಡದಿದ್ರ ಹೆಸರು ತಗೀತಾರವ್ವಾ."

"ಹೋಗಿ ಹಿಂಗಾಗೇತಿ ಅಂತ ಹೇಳು ಮತ್ತ."

"ಹೇಳಿದ್ರೂ ತಗೀತಾರ."

ದುಂಡವ್ವ ಕೈ ತೊಳೆದು ಬಂದು, ಗೂಟಕ್ಕೆ ನೇತುಹಾಕಿದ್ದ ಕೀಪರ್ ಗ್ಲೌಸನ್ನು ತೆಗೆದುಕೊಂಡಳು. ಅಂಗೈ ಸವೆದಿದ್ದಕ್ಕೆ ಅವಳೇ ಎರಡು ಸಲ ತೇಪೆ ಹಾಕಿದ್ದ ಗ್ಲೌಸು. ಬಲಗೈಯದನ್ನು ಒಳಗೆ ಹೊರಗೆ ಮಾಡಿ, ಕಿರುಬೆರಳಿಗೂ ಉಂಗುರದ ಬೆರಳಿಗೂ ನಡುವಿನ ಹೊಲಿಗೆಯನ್ನು ಬ್ಲೇಡಿನಿಂದ ಬಿಡಿಸಿದಳು. ಮುತ್ತುವಿಗೆ ಇದ್ದದ್ದು ಅದೊಂದೇ ಜೊತೆ.

"ಅವ್ವಾ, ಏನ್ ಮಾಡಾಕತ್ತಿ!"

"ಸುಮ್ನ ಕೂಡು. ದಿನಾ ನೂರಾರು ತೋಳು ಕೂಡಸ್ತೀನಿ, ಎರಡು ಬೆರಳ ಕೂಡಸಾಕ ಬರೂದಿಲ್ಲೇನು?"

ಗೋಣಿಸೂಜಿಗೆ ದಪ್ಪ ದಾರ ಪೋಣಿಸಿ, ಎರಡು ಬೆರಳನ್ನೂ ಸುತ್ತಿ ಅಗಲವಾದ ಒಂದೇ ಗೂಡು ಮಾಡಿ ಹೊಲಿದಳು. ನಡುವೆ ಹಳೇ ಬನಿಯನ್ನಿನ ಬಟ್ಟೆ ಮಡಚಿ ಇಟ್ಟಳು. ಮುತ್ತು ಹಾಕಿಕೊಂಡು ನೋಡಿದ. ಉಂಗುರದ ಬೆರಳು ಮಡಚಿದರೆ ಕಿರುಬೆರಳು ಅದರ ಜೊತೆ ತಾನೂ ಮಡಚುತ್ತಿತ್ತು. ನೋವಿತ್ತು, ಆದರೆ ಕರೆಂಟು ಹೊಡೆಯುತ್ತಿರಲಿಲ್ಲ.

ಸ್ಟೇಡಿಯಂಗೆ ಎಲ್ಲರಿಗಿಂತ ಮೊದಲು ಹೋಗಿ, ಯಾರೂ ಬರುವ ಮುಂಚೆ ಗ್ಲೌಸು ಹಾಕಿಕೊಂಡು ಕೂತ. ರವಿಕುಮಾರ್ ಬೆನ್ನು ತಟ್ಟಿ, "ಏನಪ್ಪಾ, ಈಗಲೇ ರೆಡಿನಾ?" ಎಂದರು. ಅವನು ತಲೆ ಆಡಿಸಿದ. ಎರಡನೇ ಕೀಪರ್ ಸುಶ್ರುತ, ಜಯನಗರದ ಇಂಜಿನಿಯರಿಂಗ್ ಹುಡುಗ, ಹೊಸ ಗ್ಲೌಸು ತೊಟ್ಟು ಬೆಂಚಿನ ಮೇಲೆ ಕೂತಿದ್ದ. ಅವನತ್ತ ಮುತ್ತು ನೋಡಲೇ ಇಲ್ಲ.

ಎದುರಿಗಿದ್ದದ್ದು ಒಂದು ಕಾರ್ಖಾನೆಯ ತಂಡ. ಅವರ ಒಂಬತ್ತನೇ ನಂಬರಿನವನು ಆರಡಿಯ ಆಳು, ಗಾಳಿಯಲ್ಲಿ ಬಂದ ಚೆಂಡೆಲ್ಲ ಅವನದೇ. ಮೊದಲ ಹತ್ತು ನಿಮಿಷದಲ್ಲಿ ಮುತ್ತು ಮೂರು ಚೆಂಡು ಹಿಡಿದ, ಮೂರನ್ನೂ ಎದೆಗೆ ಅವುಚಿಕೊಂಡು. ಹದಿನೆಂಟನೇ ನಿಮಿಷಕ್ಕೆ ಮಾಧವನ್ ಪಾರ್ಕ್ ಒಂದು ಗೋಲು ಹೊಡೆಯಿತು. ಮುತ್ತುವಿಗೆ ಮೊದಲ ಸಲ ಸರಿಯಾಗಿ ಉಸಿರು ಬಂತು.

ಆಗಲೇ ಗ್ಯಾಲರಿಯಲ್ಲಿ ತಮಟೆ ಶುರುವಾದದ್ದು.

ಟೆಂಪೋ ತುಂಬ ಉತ್ತರಹಳ್ಳಿಯವರು ಬಂದಿದ್ದರು. ಎದುರಿಗೆ ಉಗ್ರಪ್ಪ, ಬಿಳಿ ಶರ್ಟು, ಹಣೆಗೆ ಕುಂಕುಮ, ಕೈಯಲ್ಲಿ ನಿನ್ನೆ ಗೆದ್ದ ಕಪ್ಪು, ಅದಕ್ಕೊಂದು ಚೆಂಡು ಹೂವಿನ ಹಾರ. ಅದನ್ನು ತಲೆಯ ಮೇಲೆತ್ತಿ ಇಡೀ ಸ್ಟೇಡಿಯಂಗೆ ಕೇಳುವ ಹಾಗೆ ಕೂಗಿದ.

"ಮುತ್ತೂ! ನಿನ್ನೆ ಪೆನಾಲ್ಟಿ ಹಿಡ್ದಂಗೇ ಹಿಡಿ ಮಗಾ! ಈ ಕಪ್ಪು ನಿಂದೇ ಕಣ್ಲಾ!"

ಮೂವತ್ತು ಗಂಟಲು ಅದನ್ನೇ ಎತ್ತಿಕೊಂಡವು. ಅವರಿಗೆ ಕಾನೂನು ಗೊತ್ತಿರಲಿಲ್ಲ. ಹರಸಲು ಬಂದಿದ್ದರು, ಅಷ್ಟೇ. ಮುತ್ತು ಮೆಲ್ಲಗೆ ಮೈದಾನದ ಅಂಚಿನ ಗೆರೆಯ ಕಡೆ ನೋಡಿದ. ರವಿಕುಮಾರ್ ಮೈದಾನ ನೋಡುತ್ತಿರಲಿಲ್ಲ. ಕಪ್ಪು ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ತಿರುಗಿ ಮುತ್ತುವಿನ ಕೈ ನೋಡಿದರು.

ಅಲ್ಲಿಂದ ಹಾಫ್ ಟೈಮಿನವರೆಗೆ ಇಪ್ಪತ್ತೈದು ನಿಮಿಷ. ಪ್ರತಿ ಚೆಂಡು ಬಂದಾಗಲೂ ಮುತ್ತುವಿಗೆ ಎರಡು ಹೆದರಿಕೆ, ಒಂದು ಎದುರಿನಿಂದ, ಒಂದು ಪಕ್ಕದಿಂದ. ಹೇಗೆ ಹಿಡಿದನೋ ಅವನಿಗೇ ನೆನಪಿಲ್ಲ.

ಡ್ರೆಸಿಂಗ್ ರೂಮಿನಲ್ಲಿ ರವಿಕುಮಾರ್ ಬಾಗಿಲು ಹಾಕಿದರು. "ಸುಶ್ರುತ, ವಾರ್ಮ್ ಅಪ್ ಶುರು ಮಾಡು" ಎಂದು, ಮುತ್ತುವಿನ ಮುಂದೆ ಬಂದು ನಿಂತರು.

"ನಿನ್ನೆ ಎಲ್ಲಿದ್ದೆ?"

"ಉತ್ತರಹಳ್ಳಿ ಸಾರ್."

"ಆಡಿದ್ಯಾ?"

"ಆಡ್ದೆ ಸಾರ್."

"ಗ್ಲೌಸ್ ಬಿಚ್ಚು."

ಬಿಚ್ಚಿದ. ಬೆರಳು ನೋಡಿ ಯಾರೋ ಹಿಂದಿನಿಂದ "ಅಯ್ಯೋ ಗುರು" ಎಂದರು. ರವಿಕುಮಾರ್ ಬೆರಳಿಗಿಂತ ಹೆಚ್ಚು ಹೊತ್ತು ಗ್ಲೌಸನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ನ ಯಾರು ಹೊಲಿದಿದ್ದು?"

"ನಮ್ಮವ್ವ ಸಾರ್. ಬೇಡ ಅಂದ್ರು. ನಾನೇ ಕೇಳಲಿಲ್ಲ."

"ಮುಚ್ಚಿಟ್ಟಿದ್ದರ ಲೆಕ್ಕ ಆಮೇಲೆ. ಈಗ ಕೇಳಿದ್ದಕ್ಕೆ ಹೇಳು. ಇನ್ನ ನಲವತ್ತೈದು ನಿಮಿಷ ಹಿಡೀತೀಯಾ?"

ಹಿಡೀತೀನಿ ಸಾರ್ ಅಂತ ಬಾಯಿಗೆ ಬಂದಿತ್ತು. ಬಾಗಿಲಲ್ಲಿ ಸುಶ್ರುತ ಕಾಲು ಝಾಡಿಸುತ್ತಿದ್ದ. ಹೌದು ಅಂದರೆ ಉಳಿಯಬಹುದು.

"ನೆಲದ್ದು ಹಿಡೀತೀನಿ ಸಾರ್. ಮೇಲಿಂದ ಬಂದಿದ್ದು ಹಿಡಿಯಕ್ಕಾಗಲ್ಲ. ಗುದ್ದಿ ಆಚೆ ಹಾಕ್ಬೋದು, ಅಷ್ಟೇ."

ರವಿಕುಮಾರ್ ಡಿಫೆಂಡರುಗಳ ಕಡೆ ತಿರುಗಿದರು. "ಕೇಳಿಸ್ತಲ್ಲಾ? ಕಾರ್ನರ್ ಬಂದ್ರೆ ಇವನು ಗುದ್ತಾನೆ. ಚೆಂಡು ಬೀಳೋ ಕಡೆ ಇಬ್ರು ನಿಂತಿರಿ. ಸುಶ್ರುತ, ಕೂತ್ಕೋ, ಆದ್ರೆ ಬೂಟ್ ಬಿಚ್ಬೇಡ."

ಎರಡನೇ ಅರ್ಧದಲ್ಲಿ ಮುತ್ತು ಏಳು ಸಲ ಗುದ್ದಿದ, ಎಡಗೈಯಲ್ಲಿ. ಎಂಟನೆಯದು ಎಪ್ಪತ್ತೆಂಟನೇ ನಿಮಿಷದಲ್ಲಿ ಬಂತು, ಮೆತ್ತಗೆ, ಯಾವ ಮಗುವಾದರೂ ಹಿಡಿಯುವಂಥದ್ದು. ಅಭ್ಯಾಸ ಬಲ ನೋಡಿ, ಎರಡೂ ಕೈ ತಾನಾಗಿ ಮೇಲೆದ್ದವು. ಚೆಂಡು ಬಲಗೈಯಿಂದ ಸೋಪಿನ ಹಾಗೆ ಜಾರಿತು. ಒಂಬತ್ತನೇ ನಂಬರಿನವನು ಸುಮ್ಮನೆ ಕಾಲಿಟ್ಟ. ಒಂದಕ್ಕೊಂದು.

ತಮಟೆ ನಿಂತಿತು. ಮುತ್ತು ಬೆಂಚಿನ ಕಡೆ ನೋಡಿದ. ಸುಶ್ರುತ ಎದ್ದು ನಿಂತಿದ್ದ. ರವಿಕುಮಾರ್ ಒಂದು ಕೈಯಿಂದ ಅವನನ್ನು ತಡೆದು, ಇನ್ನೊಂದು ಕೈ ಮುಷ್ಟಿ ಮಾಡಿ ಮುತ್ತುವಿಗೆ ತೋರಿಸಿದರು. ಗುದ್ದು.

ಕೊನೆಯ ನಿಮಿಷದಲ್ಲಿ ಚೆಂಡು ಅದೇ ಒಂಬತ್ತನೇ ನಂಬರಿನವನ ಕಾಲಿಗೆ ಸಿಕ್ಕಿತು. ಹನ್ನೆರಡು ಗಜ ದೂರ, ನಡುವೆ ಯಾರೂ ಇಲ್ಲ. ನೆಲಕ್ಕಂಟಿ ಬಂತು, ಬಲಗಡೆಗೆ. ಮುತ್ತು ಪೂರ್ತಿ ಉದ್ದಕ್ಕೆ ಬಿದ್ದ. ಮೊದಲು ಮುಟ್ಟಿದ್ದು ಆ ಜೋಡಿ ಗೂಡು. ನೋವು ಭುಜದವರೆಗೆ ಹತ್ತಿತು, ಆದರೆ ಉಂಗುರದ ಬೆರಳು ಬಾಗಲಿಲ್ಲ, ಕಿರುಬೆರಳಿಗೂ ಬಾಗಲು ಬಿಡಲಿಲ್ಲ. ಚೆಂಡು ಕಂಬಕ್ಕೆ ತಾಗಿ ಆಚೆ ಹೋಯಿತು. ಅವನು ಏಳುವ ಹೊತ್ತಿಗೆ ಸೀಟಿ ಊದಿಯಾಗಿತ್ತು.

ಆಮೇಲೆ ಎಕ್ಸ್‌ರೇಯಲ್ಲಿ ಕೂದಲೆಳೆಯ ಬಿರುಕು ಸಿಕ್ಕಿತು. ಆ ಸಂಜೆ ಅದು ಯಾರಿಗೂ ಗೊತ್ತಿರಲಿಲ್ಲ. ಖಾಲಿ ಡ್ರೆಸಿಂಗ್ ರೂಮಿನಲ್ಲಿ ರವಿಕುಮಾರ್ ರಿಜಿಸ್ಟರ್ ತೆರೆದು ಕೂತಿದ್ದರು. ಪಕ್ಕದಲ್ಲಿ ಕೆಂಪು ಪೆನ್ನು.

"ಆ ಗೋಲು ಹೋಗಿದ್ದು ಬೆರಳಿಂದ ಅಲ್ಲ. ನಿನ್ನೆಯಿಂದ. ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್."

"ಕಾನೂನು ಎಲ್ಲಾರಿಗೂ ಒಂದೇ. ಈ ಸೀಸನ್ ನನ್ನ ಟೀಮಲ್ಲಿ ನೀನಿಲ್ಲ."

ರವಿಕುಮಾರ್ ಕೆಂಪು ಪೆನ್ನು ಕೈಗೆತ್ತಿಕೊಂಡರು, ಮುತ್ತುವಿನ ಹೆಸರಿನ ಮೇಲೆ ಹಿಡಿದು ಬಹಳ ಹೊತ್ತು ಹಾಗೇ ಕೂತರು. ಆಮೇಲೆ ಕ್ಯಾಪ್ ಮುಚ್ಚಿ ಜೇಬಿಗಿಟ್ಟು, ನೀಲಿ ಪೆನ್ನು ತೆಗೆದು ಲೋನ್ ಪತ್ರ ಬರೆಯಲು ಶುರು ಮಾಡಿದರು.

"ಲೋನು ಇಲ್ಲ ಅಂದಿದ್ರಿ ಸಾರ್."

"ಅಂದಿದ್ದೆ. ಮುಂದಿನ ಮೇ ತಿಂಗಳವರೆಗೆ. ಜೂನ್ ಒಂದನೇ ತಾರೀಕು ಬೆಳಗ್ಗೆ ಆರಕ್ಕೆ ಪ್ರಾಕ್ಟೀಸಿಗೆ ಬರ್ಬೇಕು. ಆರೂ ಐದಕ್ಕೆ ಬಂದ್ರೆ ವಾಪಸ್ ಕಳಿಸ್ತೀನಿ." ಕ್ಲಬ್ಬಿನ ಹೆಸರಿನ ಜಾಗಕ್ಕೆ ಬಂದು ಪೆನ್ನು ನಿಂತಿತು. "ಎಲ್ಲಿಗೆ ಅಂತ ಬರೀಲಿ?"

ಕಿಟಕಿಯಾಚೆ ಟೆಂಪೋ ಹೊರಡದೆ ನಿಂತಿತ್ತು. ಉಗ್ರಪ್ಪ ಕಪ್ಪನ್ನು ಬಾನೆಟ್ ಮೇಲಿಟ್ಟು, ಬೆಪ್ಪಾಗಿ, ಹಾರದ ಹೂವು ಒಂದೊಂದೇ ಕಿತ್ತು ಹಾಕುತ್ತಿದ್ದ. ಏನು ಮಾಡಿಬಿಟ್ಟೆ ಅನ್ನುವುದು ಅಷ್ಟು ಹೊತ್ತಿಗೆ ಯಾರೋ ಅವನ ಕಿವಿಗೆ ಹಾಕಿದ್ದರು.

"ಉತ್ತರಹಳ್ಳಿ ಸಾರ್" ಎಂದ ಮುತ್ತು.

"ಅವ್ರು ಕಪ್ ಮ್ಯಾಚಿಗೆ ಕರೆದ್ರೆ?"

"ಹೋಗ್ತೀನಿ ಸಾರ್. ಚಪ್ಪಾಳೆ ಹೊಡಿಯಕ್ಕೆ."

ರವಿಕುಮಾರ್ ಬರೆದು, ಸಹಿ ಹಾಕಿ, ಪತ್ರ ಮಡಚಿ ಅವನ ಎಡಗೈಗೆ ಕೊಟ್ಟರು.