ಫ್ಲೆಕ್ಸಿನಲ್ಲಿದ್ದ ಮಿಲಿಟ್ರಿಯವರು

ಅವರೆಕಾಯಿ ಸುಲಿಯುತ್ತಿದ್ದೆ. ಎದುರುಮನೆಯವಳು ಓಡಿಬಂದಳು: "ಅಕ್ಕಾ, ನಿಮ್ ಪಕ್ಕದ್ಮನೆ ಮಿಲಿಟ್ರಿಯವ್ರು ಹೋಗ್ಬಿಟ್ರಂತೆ! ಸರ್ಕಲ್‌ನಾಗೆ ಹುತಾತ್ಮರ ಫ್ಲೆಕ್ಸ್‌ನಲ್ಲಿ ಹಾಕವ್ರೆ."

ಅವರು ಆಗಷ್ಟೇ ನನ್ನಿಂದ ಹೆಪ್ಪಿಗೆ ಮೊಸರು ತೆಗೆದುಕೊಂಡು ಹೋಗಿದ್ದರು. ಗಡಿಯಲ್ಲಿ ಒಂದು ಕಾಲು ಕಳೆದುಕೊಂಡು ಬಂದವರು. ಯಾರು ಆಸರೆಗೆ ಹೋದರೂ "ನಂಗೇನಾಗಿದೆ?" ಎನ್ನುತ್ತಿದ್ದರು.

ಹೋಗಿ ನೋಡಿದರೆ, ಫ್ಲೆಕ್ಸಿನ ಕೆಳಗೇ ಊರುಗೋಲು ಹಿಡಿದು ನಿಂತು ಹುಡುಗರನ್ನು ಗದರುತ್ತಿದ್ದರು.

"ಯೂನಿಫಾರ್ಮ್ ಫೋಟೋ ಸಿಕ್ಕಿದ್ದೆಲ್ಲಾ ಹಾಕ್ಬಿಟ್ವಿ ಸಾರ್."

"ಬೇಗ ಇಳಿಸ್ರೋ! ರಾಯಲ್ಪಾಡಿನ ಅಮ್ಮ ಬಸ್ಸಿಗೆ ಬರ್ತಾವ್ರೆ. ಮಗನ ಪಕ್ಕದಾಗೆ ನನ್ನೂ ನೋಡಿದ್ರೆ ಎದೆ ಒಡ್ಕೊಂತಾರೆ."

ಆಕೆಯ ಮಗ ಗಡಿಯಲ್ಲಿ ಇವರ ಪಕ್ಕದಲ್ಲೇ ತೀರಿಕೊಂಡಿದ್ದ. ಅವನ ಫೋಟೋಗೆ ಹೂವು ಹಾಕಲು ಆಕೆ ಪ್ರತಿ ವರ್ಷ ಈ ದಿನ ತಮ್ಮೂರಿಂದ ನಮ್ಮ ಸರ್ಕಲ್ಲಿಗೆ ಬರುತ್ತಿದ್ದರು.

ಏಣಿಗಿಂತ ಮೊದಲು ಬಸ್ಸು ಬಂತು. ಆಕೆ ಇಳಿದು ಫ್ಲೆಕ್ಸ್ ನೋಡಿದರು, ಇವರನ್ನು ನೋಡಿದರು, ಮತ್ತೆ ಫ್ಲೆಕ್ಸ್ ನೋಡಿದರು. ಮಗನಿಗೆ ಹಾರ ಹಾಕಿಸಿ ಕೈಮುಗಿದರು. ಆಮೇಲೆ ಇವರ ಕೆನ್ನೆ ಹಿಡಿದರು.

"ಫೋಟೋದಾಗೆ ಚೆನ್ನಾಗಿದ್ದೀಯ. ಇಲ್ಯಾಕೆ ಹಿಂಗೆ ಸೊರಗಿದ್ದೀಯ ನಾಯ್ನಾ? ತಿಂದ್ಯಾ?"

"ಇಲ್ಲಮ್ಮಾ" ಎಂದರು ಮಿಲಿಟ್ರಿಯವರು. ಊರುಗೋಲನ್ನು ನನ್ನ ಕೈಗೆ ಕೊಟ್ಟು ಆಕೆಯ ಹೆಗಲು ಹಿಡಿದುಕೊಂಡರು.

ದೇವರ ದಯೆ, ಮನೆಯಲ್ಲಿ ರಾಗಿಹಿಟ್ಟು ಸಾಕಷ್ಟಿತ್ತು. ನಾನು ಮುಂಚೆ ಬಂದು ಮುದ್ದೆಗೆ ಎಸರಿಟ್ಟೆ.